ಸೈಕಲ್ ಟ್ರೇನರ್: ಕೊಳ್ಳುವ ಮುನ್ನ ಮನೆ ನೋಡಿ

ಉತ್ತರ ಬೆಂಗಳೂರಿನ ಸಿಂಗಾಪುರದಲ್ಲಿ ಮನೆ ಮಾಡಿಕೊಂಡು ಸೈಕಲ್ ತುಳಿಯುವವರಿಗೆ ದಾರಿಗಳಿಗೇನೂ ಬರವಿಲ್ಲ. ಒಂದು ಕಡೆ ಹೊರಟರೆ ಹೆಸರಘಟ್ಟ, ಇನ್ನೊಂದು ಕಡೆ ಯಲಹಂಕ ದಾಟಿ ರಾಜಾನುಕುಂಟೆ, ದೊಡ್ಡಬಳ್ಳಾಪುರ. ಭಾನುವಾರ ಕಾಲಲ್ಲಿ ಕಸುವಿದ್ದರೆ ದೇವನಹಳ್ಳಿ ಮೇಲೆ ನಂದಿಬೆಟ್ಟ. ಬರವಿರುವುದು ಹೊತ್ತಿಗೆ. ಐದೂವರೆಗೆ ಮನೆ ಬಿಡುವಾಗ ಎಂ.ಎಸ್. ಪಾಳ್ಯದ ರಸ್ತೆ ಒಂದು ಥರ ಇರುತ್ತದೆ, ಎಂಟಕ್ಕೆ ವಾಪಸು ಬರುವಾಗ ಇನ್ನೊಂದು ಥರ: ಶಾಲಾ ವ್ಯಾನು, ನೀರಿನ ಟ್ಯಾಂಕರು, ಬಿಎಂಟಿಸಿ ಬಸ್ಸು, ಪೈಪಿಗೆಂದು ಅಗೆದು ಅರ್ಧಂಬರ್ಧ ಮುಚ್ಚಿದ ಗುಂಡಿ. ಮೇ ತಿಂಗಳಲ್ಲಿ ಸಂಜೆ ಗುಡುಗುಮಳೆ, ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಯಾವ ಹೊತ್ತಿನಲ್ಲಾದರೂ ಮಳೆ. ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಏರ್‌ಶೋ ಬಂತೆಂದರೆ ಆ ವಾರ ಬಳ್ಳಾರಿ ರಸ್ತೆಯ ಕಡೆ ಸೈಕಲ್ ತಿರುಗಿಸುವ ಹಾಗೇ ಇಲ್ಲ. ಮನೆಯಲ್ಲೇ ಒಂದು ಟ್ರೇನರ್ ಇಟ್ಟುಕೊಂಡರೆ ಹೇಗೆ ಎಂಬ ಯೋಚನೆ ಹುಟ್ಟುವುದು ಇಲ್ಲಿಂದ.

ಯೋಚನೆ ಸರಿಯಾದದ್ದೇ. ಆದರೆ ಹೆಚ್ಚಿನವರು ಮೊದಲು ಯಂತ್ರದ ಬೆಲೆ ನೋಡುತ್ತಾರೆ, ಆಮೇಲೆ ಅದನ್ನು ಎಲ್ಲಿಡುವುದೆಂದು ಯೋಚಿಸುತ್ತಾರೆ. ಇದು ತಲೆಕೆಳಗು. ಯಾವ ಟ್ರೇನರ್ ತರಬೇಕೆಂದು ನಿರ್ಧರಿಸುವುದು ನಿಮ್ಮ ಮನೆಯ ನೆಲ, ಕಿಟಕಿ ಮತ್ತು ಕೆಳಗಿನ ಮನೆಯವರು.

ಟ್ರೇನರ್ ಎಂದರೆ ನಮ್ಮದೇ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಂಬದಿಗೆ ಕೊಡುವ ಆಸರೆ. ಜಿಮ್ಮಿನ ಎಕ್ಸರ್‌ಸೈಜ್ ಸೈಕಲ್ ಬೇರೆ. ಅದರ ಸೀಟು, ಹ್ಯಾಂಡಲ್ ಯಾವುದೂ ನಿಮ್ಮ ಅಳತೆಯದಲ್ಲ. ಹಳೇ ಅಟ್ಲಾಸ್, ಹೀರೋ ಸೈಕಲ್ಲಿಗೆ ಡಬಲ್ ಸ್ಟ್ಯಾಂಡ್ ಹಾಕಿ ಪೆಡಲ್ ತಿರುಗಿಸಿ ಆಡಿದವರಿಗೆ ಇದರ ಅರ್ಧ ಆಗಲೇ ಗೊತ್ತು. ಬೀದಿಗೆ ಬರುತ್ತಿದ್ದ ಸಾಣೆ ಹಿಡಿಯುವವರೂ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ತುಳಿದು, ಬೆಲ್ಟಿನಿಂದ ಕಲ್ಲು ತಿರುಗಿಸುತ್ತಿದ್ದರು. ಆದರೆ ಬರೀ ಸ್ಟ್ಯಾಂಡಿನ ಮೇಲೆ ತುಳಿದರೆ ಕಾಲಿಗೆ ಕೆಲಸವಿಲ್ಲ, ಚಕ್ರ ಸುಮ್ಮನೆ ಗರಗರ ತಿರುಗುತ್ತದೆ. ಅದೇ ಟೈರಿಗೆ ಡೈನಮೊ ಒತ್ತಿಸಿದೊಡನೆ ಪೆಡಲ್ ಭಾರವಾಗುತ್ತಿತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಟೈರಿಗೆ ಒತ್ತುವ ಟ್ರೇನರ್ ಅಂಥದೊಂದು ದೊಡ್ಡ ಡೈನಮೊ. ವ್ಯತ್ಯಾಸ ಇಷ್ಟೇ, ನೀವು ಹಾಕಿದ ಶಕ್ತಿ ದೀಪ ಉರಿಸದೆ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಅರ್ಧ ಗಂಟೆ ತುಳಿದ ಮೇಲೆ ಅದರ ಡ್ರಮ್ ಮುಟ್ಟಿದರೆ ಕೈ ಚುರುಕ್ ಅನ್ನುವುದು.

ಅಗ್ಗದ್ದು ಮ್ಯಾಗ್ನೆಟಿಕ್. ತಿರುಗುವ ಲೋಹದ ತಟ್ಟೆಯ ಹತ್ತಿರಕ್ಕೆ ಆಯಸ್ಕಾಂತ ತಂದಷ್ಟೂ ಪೆಡಲ್ ಬಿಗಿಯಾಗುತ್ತದೆ; ಹ್ಯಾಂಡಲ್ಲಿಗೆ ಕಟ್ಟಿದ ಸಣ್ಣ ಲಿವರ್‌ನಿಂದ ಈ ಬಿಗಿ ಬದಲಿಸಬಹುದು. ಇದಕ್ಕಿಂತ ಮೇಲಿನದು ಫ್ಲುಯಿಡ್. ಡ್ರಮ್ಮಿನ ಒಳಗೆ ದಪ್ಪ ಎಣ್ಣೆ, ಅದರೊಳಗೆ ಒಂದು ರೆಕ್ಕೆ. ನಿಧಾನ ತುಳಿದರೆ ಹಗುರ, ವೇಗ ಹೆಚ್ಚಿದಂತೆ ಎಣ್ಣೆ ವಿಪರೀತ ಅಡ್ಡಿ ಮಾಡುತ್ತದೆ. ರಸ್ತೆಯ ಮೇಲೆ ಎದುರುಗಾಳಿ ಮಾಡುವುದೂ ಇದನ್ನೇ, ಹಾಗಾಗಿ ತುಳಿತ ಹೆಚ್ಚು ಸಹಜ ಅನ್ನಿಸುತ್ತದೆ. ಲಿವರ್ ಇಲ್ಲ, ವೈರ್ ಇಲ್ಲ, ಸೈಕಲ್ಲಿನ ಗೇರ್ ಬದಲಿಸಿದರೆ ಸಾಕು. ಮೂರನೆಯದು ಡೈರೆಕ್ಟ್ ಡ್ರೈವ್: ಹಿಂದಿನ ಚಕ್ರವನ್ನೇ ಕಳಚಿಟ್ಟು ಚೈನನ್ನು ನೇರವಾಗಿ ಯಂತ್ರದ ಕ್ಯಾಸೆಟ್ಟಿಗೆ (ಗೇರಿನ ಹಲ್ಲುಚಕ್ರಗಳ ಗೊಂಚಲಿಗೆ) ಹಾಕುವುದು. ಟೈರ್ ಸವೆಯುವುದಿಲ್ಲ, ಜಾರುವುದಿಲ್ಲ, ಸದ್ದು ಬಹಳ ಕಡಿಮೆ. ಇವುಗಳಲ್ಲಿ ಹೆಚ್ಚಿನವು ಸ್ಮಾರ್ಟ್. ಬ್ಲೂಟೂತ್‌ನಲ್ಲಿ ಫೋನು, ಟಿವಿಗೆ ಸೇರಿಕೊಂಡು ಪರದೆಯ ಮೇಲೆ ಏರು ಬಂದಾಗ ತಾವಾಗಿಯೇ ಬಿಗಿಯಾಗುತ್ತವೆ. ಇನ್ನು ರೋಲರ್ ಎಂಬುದಿದೆ, ಮೂರು ಉರುಳೆಗಳ ಮೇಲೆ ಸೈಕಲ್ಲನ್ನು ಹಾಗೇ ನಿಲ್ಲಿಸಿ ಬ್ಯಾಲೆನ್ಸ್ ಮಾಡುತ್ತ ತುಳಿಯುವುದು. ಟ್ರ್ಯಾಕ್ ಸೈಕ್ಲಿಂಗ್ ಮಾಡುವವರು ರೇಸಿಗೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದು ಇದರ ಮೇಲೆ. ಮನೆಯಲ್ಲಿ ಹೊಸಬರಿಗೆ ಬೇಡ. ಬಾಗಿಲ ಚೌಕಟ್ಟಿನ ನಡುವೆ ಇಟ್ಟುಕೊಂಡು, ಎರಡೂ ಕಡೆ ಕೈಗೆ ಆಸರೆ ಸಿಗುವಂತೆ ಕಲಿಯುವ ಹಟವಿದ್ದರೆ ಮಾತ್ರ.

ಬೆಲೆ ಅಂಗಡಿಯಿಂದ ಅಂಗಡಿಗೆ, ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತದೆ. ಅಂದಾಜಿಗೆ ಹೇಳುವುದಾದರೆ ಮ್ಯಾಗ್ನೆಟಿಕ್ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಡೈರೆಕ್ಟ್ ಡ್ರೈವ್ ಸ್ಮಾರ್ಟ್ ಟ್ರೇನರ್ ಅರ್ಧ ಲಕ್ಷದಿಂದ ಶುರುವಾಗಿ ಲಕ್ಷ ದಾಟುತ್ತದೆ. ಅದರ ಮೇಲೆ, ಪರದೆಯಲ್ಲಿ ದಾರಿ, ಏರು ತೋರಿಸುವ ಆ್ಯಪ್ ಖರ್ಚು. ಹೆಚ್ಚು ಹೆಸರಾದ ಜ್ವಿಫ್ಟ್ 2024ರಿಂದ ತಿಂಗಳಿಗೆ 19.99 ಡಾಲರ್ ಕೇಳುತ್ತಿದೆ. ಅಬುಧಾಬಿಯ ಮೈವೂಶ್ ಪುಕ್ಕಟೆ. ಆಟವಲ್ಲವೇ ಇದು ಎಂದು ಮೂಗು ಮುರಿಯುವವರಿಗೆ ಒಂದು ಸಂಗತಿ: ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಟ್ರೇನರ್ ಮೇಲೆಯೇ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಪುರುಷರಲ್ಲಿ ಗೆದ್ದ ಜರ್ಮನಿಯ ಜೇಸನ್ ಓಸ್ಬೋರ್ನ್ ಮೂಲತಃ ದೋಣಿ ಹುಟ್ಟು ಹಾಕುವ ಕ್ರೀಡಾಪಟು. ಆಮೇಲೆ ಅವರಿಗೆ ರಸ್ತೆ ರೇಸಿನ ವೃತ್ತಿಪರ ತಂಡದಲ್ಲೂ ಜಾಗ ಸಿಕ್ಕಿತು.

ಕೆಳಗಿನ ಮನೆಯವರು

ಸಿಂಗಾಪುರ, ಅಬ್ಬಿಗೆರೆ, ವಿದ್ಯಾರಣ್ಯಪುರದ ಸುತ್ತಮುತ್ತ 30×40 ಅಡಿಯ ಸೈಟಿನಲ್ಲಿ ಮೂರು ನಾಲ್ಕು ಅಂತಸ್ತು ಎಬ್ಬಿಸಿ, ಒಂದೊಂದನ್ನೂ ಬಾಡಿಗೆಗೆ ಕೊಟ್ಟ ಮನೆಗಳೇ ಹೆಚ್ಚು. ಓನರ್ ಕೆಳಗೆ, ಬಾಡಿಗೆಯವರು ಮೇಲೆ. ಇಂಥ ಮನೆಯಲ್ಲಿ ಬೆಳಗಿನ ಐದಕ್ಕೆ ಟ್ರೇನರ್ ಶುರು ಮಾಡಿದರೆ ಏನಾಗುತ್ತದೆಂದು ಯಂತ್ರದ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಸದ್ದು ಎರಡು ಬಗೆ. ಒಂದು ಗಾಳಿಯಲ್ಲಿ ಬರುವ ಗುಂಯ್ ಸದ್ದು. ಬಾಗಿಲು ಮುಚ್ಚಿದರೆ ಅದು ಬಹುಪಾಲು ನಿಲ್ಲುತ್ತದೆ. ಇನ್ನೊಂದು ನೆಲದ ಮೂಲಕ ಇಳಿಯುವ ಅದುರು. ಮೇಲೆ ತುಳಿಯುವವರಿಗೆ ಇದು ಗೊತ್ತೇ ಆಗುವುದಿಲ್ಲ, ಕೆಳಗೆ ಮಲಗಿದವರಿಗೆ ತಲೆದಿಂಬಿನಲ್ಲೇ ಗ್ರೈಂಡರ್ ಓಡಿದಂತೆ ಕೇಳುತ್ತದೆ. ಮಣ್ಣುರಸ್ತೆಯ ಗುಬುಟು ಗುಬುಟು ಟೈರನ್ನೇ ಟ್ರೇನರಿನ ರೋಲರ್‌ಗೆ ಒತ್ತಿದರಂತೂ ಮುಗಿಯಿತು. ಎಂಟಿಬಿ (ಮೌಂಟನ್ ಬೈಕ್) ಇದ್ದವರು ಹಿಂದಿನ ಚಕ್ರಕ್ಕಷ್ಟೇ ನುಣುಪು ಟೈರ್ ಹಾಕಿಸಿಕೊಳ್ಳಬೇಕು. ಟ್ರೇನರ್‌ಗೆಂದೇ ಗಟ್ಟಿ ರಬ್ಬರಿನ ಟೈರ್ ಬರುತ್ತದೆ, ಬೇಗ ಬಿಸಿಯಾಗುವುದಿಲ್ಲ, ನೆಲದ ಮೇಲೆ ಕರೀ ಪುಡಿ ಉದುರಿಸುವುದೂ ಕಡಿಮೆ.

ಜಾಗ ಆರಿಸುವಾಗ ಒಂದು ಲೆಕ್ಕ ನೆನಪಿರಲಿ: ತಾರಸಿಯ ಸ್ಲ್ಯಾಬು ಹೆಚ್ಚು ಅದುರುವುದು ಕೋಣೆಯ ನಟ್ಟನಡುವೆ. ಗೋಡೆ, ಬೀಮು, ಪಿಲ್ಲರ್ ಹತ್ತಿರ ಅದುರು ಕಡಿಮೆ. ಟ್ರೇನರ್ ಮೂಲೆಗೆ ಸರಿಸಿ, ಹಿಂದಿನ ಕಾಲುಗಳು ಬೀಮಿನ ಮೇಲೆ ಬರುವಂತೆ ನೋಡಿಕೊಳ್ಳಿ. ಕೆಳಗೆ ಯೋಗದ ತೆಳು ಮ್ಯಾಟು ಸಾಲದು. ಜಿಮ್‌ಗೆ ಹಾಕುವ ದಪ್ಪ ರಬ್ಬರ್ ಹಾಸು, ಬೇಕಿದ್ದರೆ ಅದರ ಮೇಲೊಂದು ಪ್ಲೈವುಡ್ ಹಲಗೆ, ಮತ್ತೆ ರಬ್ಬರ್. ಭಾರಕ್ಕೆ ಹೆದರಬೇಕಾಗಿಲ್ಲ. ಆಳು, ಸೈಕಲ್ಲು, ಯಂತ್ರ ಎಲ್ಲ ಸೇರಿ ನೂರು ಕಿಲೋ ಚಿಲ್ಲರೆ, ಪಾತ್ರೆಪಗಡೆ ತುಂಬಿದ ಬೀರುವಿಗಿಂತ ಹೆಚ್ಚೇನಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಮನೆಯವರೊಬ್ಬರು ತುಳಿಯಲಿ, ನೀವು ಕೆಳಗಿನ ಮನೆಗೆ ಹೋಗಿ ಐದು ನಿಮಿಷ ಕೂತು ಕೇಳಿ. ಅವರ ಜೊತೆ ಹೊತ್ತು ಮಾತಾಡಿಕೊಳ್ಳಿ. ‘ಅಂಕಲ್, ಬೆಳಿಗ್ಗೆ ಆರರ ಮುಂಚೆ ಹಾಕಲ್ಲ’ ಎಂದು ಮೊದಲೇ ಹೇಳಿದವರಿಗೆ ಸಿಗುವ ಔದಾರ್ಯ, ದೂರು ಬಂದ ಮೇಲೆ ಹೇಳಿದವರಿಗೆ ಸಿಗುವುದಿಲ್ಲ. ಮಾತುಕತೆಗೂ ಬಗ್ಗದ ಮನೆಯಾದರೆ ಟೈರಿಗೆ ಒತ್ತುವ ಬಗೆಯನ್ನು ಮರೆತುಬಿಡಿ. ಒಂದೋ ದುಡ್ಡು ಕೂಡಿಸಿ ಡೈರೆಕ್ಟ್ ಡ್ರೈವ್, ಇಲ್ಲವೇ ನೆಲಮಹಡಿಯ ಪಾರ್ಕಿಂಗ್ ಮೂಲೆ.

ಮೇಲಿನ ಶೀಟ್ ಹಾಕಿದ ತಾರಸಿ ಒಳ್ಳೆಯ ಜಾಗವೇ, ಬೆಳಗಿನ ಹೊತ್ತು ಮಾತ್ರ. ಬಿಸಿಲೇರಿದ ಮೇಲೆ ಶೀಟಿನ ಕೆಳಗೆ ನಿಲ್ಲಲಾಗದು, ಓರೆ ಮಳೆಗೆ ಎರಚಲು ಬರುತ್ತದೆ. ಅಲ್ಲಿ ಇಡುವುದಾದರೆ ಸಾದಾ ಮ್ಯಾಗ್ನೆಟಿಕ್ ಇಡಿ, ಲಕ್ಷದ ಎಲೆಕ್ಟ್ರಾನಿಕ್ಸ್ ಬೇಡ.

ಫ್ಯಾನ್ ಮೊದಲು, ಟ್ರೇನರ್ ಆಮೇಲೆ

ಟ್ರೇನರ್ ಬೇಸರ ಎಂದು ಮೂಲೆಗೆ ತಳ್ಳಿದವರಲ್ಲಿ ಎಷ್ಟೋ ಮಂದಿಯನ್ನು ನಿಜವಾಗಿ ಸೋಲಿಸಿದ್ದು ಸೆಕೆ. ಇದಕ್ಕೆ ಸರಳ ಲೆಕ್ಕವಿದೆ. ನಮ್ಮ ದೇಹ ಸುಡುವ ಶಕ್ತಿಯಲ್ಲಿ ಪೆಡಲ್ಲಿಗೆ ಮುಟ್ಟುವುದು ಕಾಲು ಭಾಗಕ್ಕಿಂತ ಕಡಿಮೆ, ಮಿಕ್ಕದ್ದೆಲ್ಲ ಬಿಸಿ. ಪೆಡಲ್ ಮೇಲೆ 150 ವಾಟ್ ಹಾಕುತ್ತಿದ್ದೀರಿ ಎಂದರೆ ಮೈಯಿಂದ ಸುಮಾರು 500 ವಾಟ್ ಶಾಖ ಹೊರಬೀಳಬೇಕು. ಮುಚ್ಚಿದ ಕೋಣೆಯಲ್ಲಿ ಸಣ್ಣದೊಂದು ಹೀಟರ್ ಹಚ್ಚಿಟ್ಟು ಅದರ ಪಕ್ಕ ಕೂತು ವ್ಯಾಯಾಮ ಮಾಡಿದ ಲೆಕ್ಕ. ಆ ಬಿಸಿ ಹೋಗಬೇಕಾದರೆ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಬೆವರು ಆರಬೇಕು. ‘ಆರಬೇಕು’ ಎಂಬ ಕಡೆ ಗಮನವಿರಲಿ. ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಗಾಳಿ ಮೈಗೆ ಬಡಿಯುತ್ತಿರುತ್ತದೆ, ಬೆವರು ಬಂದದ್ದೇ ತಿಳಿಯುವುದಿಲ್ಲ. ಮನೆಯಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ನಾಡಿಬಡಿತ ಏರುತ್ತ ಹೋಗುತ್ತದೆ, ಕಾಲಲ್ಲಿ ಇನ್ನೂ ಶಕ್ತಿ ಇದ್ದಾಗಲೇ ಇಳಿಯಬೇಕೆನಿಸುತ್ತದೆ.

ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಇದಕ್ಕೆ ಸಾಲದು. ಎದುರಿಗೆ, ಎದೆಮಟ್ಟಕ್ಕೆ ಜೋರಾಗಿ ಬೀಸುವ ಪೆಡಸ್ಟಲ್ ಫ್ಯಾನ್ ಬೇಕು; ಕಿಟಕಿ ತೆರೆದಿರಬೇಕು. ಏಪ್ರಿಲ್ ತಿಂಗಳಲ್ಲಿ ಇದು ಇಲ್ಲದೆ ಹತ್ತಲೇಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿದ್ದುಂಟು, ತಂಪು ಊರು ಎಂಬ ಹಳೇ ಹೆಸರನ್ನು ನಂಬಿ ಕೂರುವಂತಿಲ್ಲ. ಉಪ್ಪು ಹಾಕಿದ ಮಜ್ಜಿಗೆಯೋ ನಿಂಬೆ ಪಾನಕವೋ ಕೈಗೆಟುಕುವಂತಿರಲಿ. ಹ್ಯಾಂಡಲ್ ಮೇಲಿಂದ ಸೀಟಿನವರೆಗೆ ಒಂದು ಹಳೇ ಟವೆಲ್ ಹಾಸಿ. ಬೆವರಿನ ಉಪ್ಪು ಹ್ಯಾಂಡಲ್ ಟೇಪಿನ ಕೆಳಗೆ ಇಳಿದು, ಹೆಡ್‌ಸೆಟ್ ಬೇರಿಂಗು, ಸ್ಟೆಮ್ಮಿನ ಬೋಲ್ಟು ತಿಂದುಹಾಕುವುದು ಹೊರಗೆ ಕಾಣುವುದಿಲ್ಲ. ವರ್ಷದ ಮೇಲೆ ಸರ್ವಿಸ್‌ಗೆ ಬಿಚ್ಚಿದಾಗಲೇ ತುಕ್ಕು ಕಣ್ಣಿಗೆ ಬೀಳುವುದು. ಇಳಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ.

ಕರೆಂಟಿನ ವಿಷಯವೂ ಇಲ್ಲೇ ಹೇಳಿಬಿಡಬೇಕು. ಮಳೆಗಾಲದ ಸಂಜೆ ಕರೆಂಟ್ ಹೋಗುವುದು ಹೊಸದೇನಲ್ಲ. ಮ್ಯಾಗ್ನೆಟಿಕ್, ಫ್ಲುಯಿಡ್ ಎರಡಕ್ಕೂ ಕರೆಂಟೇ ಬೇಡ. ಸ್ಮಾರ್ಟ್ ಟ್ರೇನರ್‌ಗಳಲ್ಲಿ ಹೆಚ್ಚಿನವು ಕರೆಂಟ್ ಹೋದ ಕ್ಷಣ ಪರದೆಯ ಸಂಪರ್ಕ ಕಳೆದುಕೊಳ್ಳುತ್ತವೆ. ಟಾಕ್ಸ್ ನಿಯೋ ತರಹದ ಕೆಲವು ಮಾತ್ರ ತುಳಿತದಿಂದಲೇ ತಮಗೆ ಬೇಕಾದ ವಿದ್ಯುತ್ ತಯಾರಿಸಿಕೊಳ್ಳುತ್ತವೆ. ಯುಪಿಎಸ್ ಇದ್ದರೆ ಫ್ಯಾನು, ವೈಫೈ, ಟ್ರೇನರ್ ಮೂರನ್ನೂ ಅದೇ ಲೈನಿಗೆ ಕೊಡಿ.

ಜೋಡಿಸುವುದು

ನಿಮ್ಮ ಸೈಕಲ್ಲಿನ ಹಿಂದಿನ ಆಕ್ಸಲ್ ಯಾವ ಬಗೆ ಎಂದು ಅಂಗಡಿಗೆ ಹೋಗುವ ಮುಂಚೆ ನೋಡಿಕೊಳ್ಳಿ. ಲಿವರ್ ತಿರುಗಿಸಿ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಇದ್ದರೆ ತೊಂದರೆಯಿಲ್ಲ. ಟ್ರೇನರ್ ಜೊತೆ ಬರುವ ಉಕ್ಕಿನ ಸ್ಕ್ಯೂವರ್ (ಆಕ್ಸಲ್ ಒಳಗೆ ತೂರಿಸುವ ಕಡ್ಡಿ) ಹಾಕಿ, ಮೊದಲಿನದನ್ನು ಎತ್ತಿಡಿ. ಅಲ್ಯೂಮಿನಿಯಂ ಸ್ಕ್ಯೂವರ್ ಮೇಲೆ ಕ್ಲಾಂಪ್ ಬಿಗಿದರೆ ಜಜ್ಜಿಹೋಗುತ್ತದೆ. ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳಲ್ಲಿ ದಪ್ಪನೆಯ ಥ್ರೂ ಆಕ್ಸಲ್ ಇರುತ್ತದೆ, ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಎರಡೂ ಕಡೆ ನಟ್ಟು ಹಾಕಿದ ಸಾದಾ ಸೈಕಲ್ಲನ್ನು ಎಲ್ಲ ಟ್ರೇನರ್‌ಗಳೂ ಹಿಡಿಯುವುದಿಲ್ಲ, ಅಂಗಡಿಯಲ್ಲೇ ಕೂರಿಸಿ ನೋಡಿ. ಕಾರ್ಬನ್ ಫ್ರೇಮ್ ಆದರೆ ತಯಾರಕರ ವಾರಂಟಿ ಕಾಗದದಲ್ಲಿ ಟ್ರೇನರ್ ಬಗ್ಗೆ ಏನಿದೆ ಎಂದು ಓದಿಕೊಳ್ಳಿ. ಡೈರೆಕ್ಟ್ ಡ್ರೈವ್‌ನಲ್ಲಿ ಕ್ಯಾಸೆಟ್ ನಿಮ್ಮ ಚಕ್ರದಲ್ಲಿರುವಷ್ಟೇ ಸ್ಪೀಡಿನದಾಗಿರಬೇಕು. ಎಂಟು ಸ್ಪೀಡಿನ ಸೈಕಲ್ಲಿಗೆ ಹನ್ನೊಂದರ ಕ್ಯಾಸೆಟ್ ಹಾಕಿದರೆ ಗೇರ್ ಕಟಕಟ ಅನ್ನುತ್ತಲೇ ಇರುತ್ತದೆ.

ಟೈರಿಗೆ ಒತ್ತುವ ಬಗೆಯಲ್ಲಿ ಗುಟ್ಟಿರುವುದು ಒತ್ತಡದಲ್ಲಿ. ಪ್ರತಿ ಸಲವೂ ಟೈರಿಗೆ ಅಷ್ಟೇ ಗಾಳಿ ಹೊಡೆಯಿರಿ. ರೋಲರ್ ಟೈರಿಗೆ ತಾಗುವವರೆಗೆ ನಾಬ್ ತಿರುಗಿಸಿ, ಅಲ್ಲಿಂದ ಮುಂದೆ ಒಂದೆರಡು ಸುತ್ತು. ಆಮೇಲೆ ರೋಲರ್ ಅಲುಗದಂತೆ ಹಿಡಿದು ಕೈಯಲ್ಲಿ ಚಕ್ರ ತಿರುಗಿಸಲು ನೋಡಿ. ಟೈರ್ ಜಾರಿದರೆ ಇನ್ನರ್ಧ ಸುತ್ತು ಬೇಕು, ಜಾರದಿದ್ದರೆ ಸಾಕು. ಇದಕ್ಕಿಂತ ಬಿಗಿದರೆ ಟೈರ್ ಸುಟ್ಟ ವಾಸನೆ ಬರುತ್ತದೆ. ಹಿಂದಿನ ಚಕ್ರ ಒಂದೆರಡು ಇಂಚು ಎತ್ತರವಾಗಿರುವುದರಿಂದ ಮುಂದಿನ ಚಕ್ರದ ಕೆಳಗೂ ಅಷ್ಟೇ ದಪ್ಪದ ಹಲಗೆ ಕೊಡಿ, ಇಲ್ಲವಾದರೆ ಮೈಭಾರವೆಲ್ಲ ಅಂಗೈಗೆ ಬಂದು ಮಣಿಕಟ್ಟು ನೋಯುತ್ತದೆ. ಸೀಟಿನ ಎತ್ತರ ರಸ್ತೆಯಲ್ಲಿದ್ದಷ್ಟೇ ಇರಲಿ: ಹಿಮ್ಮಡಿ ಪೆಡಲ್ ಮೇಲಿಟ್ಟಾಗ, ಪೆಡಲ್ ಪೂರ್ತಿ ಕೆಳಗೆ ಬಂದಾಗ, ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ.

ಚಿಕ್ಕ ಮಕ್ಕಳಿರುವ ಮನೆಯಾದರೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೇ ತುಳಿಯಿರಿ. ತಿರುಗುವ ಚಕ್ರದ ಕಡ್ಡಿ, ಟ್ರೇನರಿನ ಫ್ಲೈವೀಲು ಎರಡೂ ಪುಟ್ಟ ಬೆರಳುಗಳನ್ನು ಕರೆಯುತ್ತವೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಮಗು ಹತ್ತಿರ ಬಂದದ್ದು ತಿಳಿಯುವುದಿಲ್ಲ.

ನಂದಿಯ ಲೆಕ್ಕ

ಉತ್ತರ ಬೆಂಗಳೂರಿನ ಸೈಕಲ್ ಸವಾರರ ಪರೀಕ್ಷೆ ಯಾವತ್ತೂ ನಂದಿಬೆಟ್ಟವೇ. ಸಿಂಗಾಪುರದಿಂದ ಬುಡಕ್ಕೆ ಐವತ್ತು ಕಿಲೋಮೀಟರಿನ ಹತ್ತಿರ, ಆಮೇಲೆ ಏಳೆಂಟು ಕಿ.ಮೀ. ತಿರುವುಗಳ ಏರು, ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಟ್ರೇನರ್ ಮೇಲೆ ಇದಕ್ಕೆ ತಯಾರಾಗಬಹುದೇ? ಆಗಬಹುದು, ಅದೂ ಲೆಕ್ಕ ಹಾಕಿಕೊಂಡು. ಸವಾರ 70 ಕಿಲೋ, ಸೈಕಲ್ಲು ನೀರು ಸೇರಿ 10 ಕಿಲೋ ಎನ್ನಿ. ಈ 80 ಕಿಲೋವನ್ನು ಸುಮಾರು 400 ಮೀಟರ್ ಮೇಲಕ್ಕೆತ್ತಲು ಬೇಕಾದ ಕೆಲಸ 314 ಕಿಲೋಜೌಲ್. ಮುಕ್ಕಾಲು ಗಂಟೆಯಲ್ಲಿ ಹತ್ತಬೇಕೆಂದರೆ ಸೆಕೆಂಡಿಗೆ 116 ಜೌಲ್, ಅಂದರೆ 116 ವಾಟ್. ಟೈರಿನ ಉಜ್ಜಾಟ, ಗಾಳಿ ಇವಕ್ಕೆಂದು ಇನ್ನಿಪ್ಪತ್ತು ಸೇರಿಸಿ. ಟ್ರೇನರ್ ಮೇಲೆ 135–140 ವಾಟನ್ನು 45 ನಿಮಿಷ ಎಡೆಬಿಡದೆ ತುಳಿಯಬಲ್ಲವರು ನಂದಿಯನ್ನು ಮುಕ್ಕಾಲು ಗಂಟೆಯಲ್ಲಿ ಹತ್ತಿಯಾರು. ಬುಡ ಮುಟ್ಟುವ ಹೊತ್ತಿಗೆ ಕಾಲು ಆಗಲೇ ಐವತ್ತು ಕಿಲೋಮೀಟರ್ ತುಳಿದಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ತೂಕ ಹಾಕಿ ನೀವೇ ಲೆಕ್ಕ ಮಾಡಿಕೊಳ್ಳಿ. ತೂಕ ಹತ್ತು ಕಿಲೋ ಹೆಚ್ಚಿದರೆ ಹದಿನೈದು ವಾಟ್ ಹೆಚ್ಚು ಬೇಕು, ಮೂರು ಲಕ್ಷದ ಸೈಕಲ್ ಕೊಂಡು ಉಳಿಸುವ ಎರಡು ಕಿಲೋಗೆ ಸಿಗುವುದು ಮೂರೇ ವಾಟು.

ಒಮ್ಮೆಲೇ 45 ನಿಮಿಷಕ್ಕೆ ಹೋಗಬೇಡಿ. ಹತ್ತು ನಿಮಿಷ ಹಗುರವಾಗಿ ತುಳಿದು ಮೈ ಬಿಸಿ ಮಾಡಿಕೊಂಡು, ಎಂಟು ನಿಮಿಷದ ಮೂರು ಏರು, ನಡುವೆ ನಾಲ್ಕು ನಿಮಿಷ ಆರಾಮ. ವಾರಕ್ಕೆರಡು ಸಲ ಸಾಕು. ಎರಡು ಮೂರು ವಾರಕ್ಕೊಮ್ಮೆ ಎಂಟನ್ನು ಹತ್ತು, ಹತ್ತನ್ನು ಹದಿನೈದು ಮಾಡಿ. ವಾಟ್ ತೋರಿಸದ ಸಾದಾ ಟ್ರೇನರ್ ಆದರೆ ಎದೆಗೆ ಕಟ್ಟುವ ಹಾರ್ಟ್‌ರೇಟ್ ಬೆಲ್ಟ್ ಇದ್ದರೆ ಕೆಲಸ ನಡೆಯುತ್ತದೆ. ಅದೂ ಇಲ್ಲದವರಿಗೆ ಮಾತು: ಎರಡು ಮೂರು ಪದ ಆಡಬಲ್ಲಿರಿ, ಪೂರ್ತಿ ವಾಕ್ಯ ಆಡಲಾರಿರಿ ಎಂದರೆ ಏರಿಗೆ ಬೇಕಾದ ಕಷ್ಟ ಅದೇ. ಉಳಿದ ದಿನ ನಲವತ್ತು ನಿಮಿಷ ಹಗುರ ಸವಾರಿ ಸಾಕು. ರಸ್ತೆಯಲ್ಲಿ ಇಳಿಜಾರು, ಸಿಗ್ನಲ್ಲು ಎಂದು ಕಾಲಿಗೆ ಬಿಡುವು ಸಿಗುತ್ತಿರುತ್ತದೆ, ಟ್ರೇನರ್ ಮೇಲೆ ಒಂದು ಕ್ಷಣವೂ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ನಿಂತು ತುಳಿದರೆ ಕೂತಲ್ಲಿ ಜೋಮು ಹಿಡಿಯುವುದಿಲ್ಲ. ನಿಂತಾಗ ಸೈಕಲ್ಲನ್ನು ಎಡಕ್ಕೆ ಬಲಕ್ಕೆ ಎಳೆದಾಡಬೇಡಿ; ಕ್ಲಾಂಪಿನಲ್ಲಿ ಸಿಕ್ಕ ಫ್ರೇಮ್ ಅದನ್ನು ತಡೆಯಲು ಮಾಡಿದ್ದಲ್ಲ. ಬಿಪಿ, ಹೃದಯದ ತೊಂದರೆ ಇದ್ದವರು ಇದನ್ನೆಲ್ಲ ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಒಂದು ಮಾತು ಕೇಳಬೇಕು.

ಕೊಳ್ಳುವವರಿಗೆ ನನ್ನ ಸಲಹೆ ಹೀಗೆ. ಈಗಾಗಲೇ ವಾರಕ್ಕೆ ಎರಡು ಮೂರು ಸಲ ರಸ್ತೆಯಲ್ಲಿ ತುಳಿಯುತ್ತಿದ್ದು, ಮಳೆಗೋ ಆಫೀಸಿಗೋ ತಪ್ಪಿಹೋಗುತ್ತಿದೆ ಎನ್ನುವವರಿಗೆ ಟ್ರೇನರ್ ತುಂಬ ಉಪಯೋಗ. ಟ್ರೇನರ್ ತಂದರೆ ಸೈಕಲ್ ಅಭ್ಯಾಸ ಶುರುವಾದೀತು ಎಂದುಕೊಂಡವರ ಮನೆಯಲ್ಲಿ ಅದು ಟವೆಲ್ ಒಣಹಾಕುವ ಸ್ಟ್ಯಾಂಡ್ ಆಗುವುದೇ ಹೆಚ್ಚು. ಆ ಪೈಕಿಯವರು ಮಾರಿಬಿಡುವುದರಿಂದ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆ ಚೆನ್ನಾಗಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ಕೊಂಡವರೂ ಹೀಗೆ ಮಾರುವವರಲ್ಲಿದ್ದಾರೆ. ನೋಡಲು ಹೋದಾಗ ಫ್ಲುಯಿಡ್ ಆದರೆ ಡ್ರಮ್ಮಿನ ಕೆಳಗೆ ಬೆರಳಾಡಿಸಿ, ಎಣ್ಣೆ ಪಸೆ ಇದ್ದರೆ ಬಿಟ್ಟುಬಿಡಿ. ರೋಲರ್ ಕೈಯಲ್ಲಿ ತಿರುಗಿಸಿದಾಗ ಕರಕರ ಅಂದರೆ ಬೇರಿಂಗ್ ಹೋಗಿದೆ. ಸ್ಮಾರ್ಟ್ ಆದರೆ ಅದರದೇ ಅಡಾಪ್ಟರ್ ಇದೆಯೇ, ನಿಮ್ಮ ಫೋನಿಗೆ ಸೇರುತ್ತದೆಯೇ ಎಂದು ಅಲ್ಲೇ ಹತ್ತು ನಿಮಿಷ ತುಳಿದು ನೋಡಿ. ಹೊಸದನ್ನು ಕೊಳ್ಳುವುದಾದರೂ ಮೊದಲ ಮಳೆಗಾಲವನ್ನು ಸಾದಾ ಟ್ರೇನರ್‌ನಲ್ಲಿ ಕಳೆಯಿರಿ. ಬೇಸರ ಬರಲಿಲ್ಲ ಎಂದಾದರೆ ಮುಂದಿನ ವರ್ಷ ಲಕ್ಷದ ಮಾತು ನೋಡೋಣ.

ಮಳೆ ನಿಂತು ನಂದಿಗೆ ಹೊರಡುವ ಹಿಂದಿನ ದಿನ ಸೈಕಲ್ಲನ್ನು ಟ್ರೇನರ್‌ನಿಂದ ಇಳಿಸಿದವರು ಮೂರು ಕೆಲಸ ಮಾಡಬೇಕು. ಟ್ರೇನರ್ ಟೈರ್ ಬಿಚ್ಚಿ ರಸ್ತೆಯ ಟೈರ್ ಹಾಕಿ. ಆ ಗಟ್ಟಿ ರಬ್ಬರಿಗೆ ಒದ್ದೆ ಡಾಂಬರಿನ ಮೇಲೆ ಹಿಡಿತವೇ ಇಲ್ಲ. ಉಕ್ಕಿನ ಸ್ಕ್ಯೂವರ್ ತೆಗೆದು ಮೊದಲಿನದನ್ನು ಸರಿಯಾಗಿ ಬಿಗಿಯಿರಿ. ತಿಂಗಳುಗಟ್ಟಲೆ ಮುಟ್ಟದ ಬ್ರೇಕನ್ನು ಮನೆ ಮುಂದಿನ ರಸ್ತೆಯಲ್ಲೇ ನಾಲ್ಕಾರು ಸಲ ಒತ್ತಿ ನೋಡಿ. ಟ್ರೇನರ್ ಏರಿಗೆ ಬೇಕಾದ ಕಾಲು ಕೊಟ್ಟಿರುತ್ತದೆ; ತಿರುವಿನಲ್ಲಿ ವಾಲುವುದು, ಗುಂಡಿ ತಪ್ಪಿಸುವುದು, ಎದುರಿಗೆ ಕಾರು ಬಂದಾಗ ಬದಿಗೆ ಸರಿಯುವುದು ಯಾವುದನ್ನೂ ಅದು ಕಲಿಸಿರುವುದಿಲ್ಲ, ಮತ್ತು ನಂದಿ ಹತ್ತಿದವರೆಲ್ಲ ಅದೇ ರಸ್ತೆಯಲ್ಲಿ ಇಳಿಯಲೇಬೇಕು. ಹಾಗಾಗಿ ಮೊದಲ ಭಾನುವಾರ ಹೆಸರಘಟ್ಟದ ಕಡೆ ಹೋಗಿಬನ್ನಿ, ಬೆಟ್ಟ ಅದರ ಮುಂದಿನ ವಾರಕ್ಕಿರಲಿ.